ಹೆಲೆನ್ ಕೆಲರ್: ಕಾಲೇಜಿನ ದಿನಗಳು

ಹೆಲೆನ್ ಕೆಲರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೀರಿನ ಪಂಪಿನ ಘಟನೆ. ಶಿಕ್ಷಕಿ ಆ್ಯನ್ ಸಲಿವನ್ ಮಗುವಿನ ಒಂದು ಕೈಯ ಮೇಲೆ ನೀರು ಹರಿಸಿ, ಇನ್ನೊಂದು ಕೈಗೆ ಬೆರಳುಗಳಿಂದ ಆ ಪದದ ಅಕ್ಷರಗಳನ್ನು ಮೂಡಿಸಿದ್ದು, ವಸ್ತುವಿಗೊಂದು ಹೆಸರಿದೆ ಎಂದು ಮಗುವಿಗೆ ಹೊಳೆದದ್ದು. ಬೋಧನಾ ಅಭ್ಯಾಸದ ಪಾಠಗಳಲ್ಲಿ ಪೀಠಿಕೆಗೆ ನಾವು ಬಳಸುವುದೂ ಇದನ್ನೇ. ಆದರೆ ಅದು ನಡೆದದ್ದು 1887ರಲ್ಲಿ, ಹೆಲೆನ್‌ಗೆ ಏಳು ವರ್ಷ ತುಂಬುವ ಮೊದಲು. ಶಿಕ್ಷಕರಾಗಲಿರುವ ನಮಗೆ ಅದರ ಮುಂದಿನ ಭಾಗವೇ ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆಯಿಂದ ದೃಷ್ಟಿಯೂ ಶ್ರವಣವೂ ಹೋದವು. 1896ರಲ್ಲಿ, ಕಾಲೇಜು ಸೇರಬೇಕೆಂಬ ಹಟದಿಂದ, ಮ್ಯಾಸಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸೇರಿದರು. ಅಲ್ಲಿದ್ದವರೆಲ್ಲ ಕಾಣುವ, ಕೇಳುವ ಹುಡುಗಿಯರು. 1897ರಲ್ಲಿ ಪ್ರವೇಶ ಪರೀಕ್ಷೆಯ ಮೊದಲ ಭಾಗ ಬರೆದರು. ಬೆರಳಚ್ಚು ಯಂತ್ರದ ಸದ್ದು ಉಳಿದವರಿಗೆ ತೊಂದರೆಯಾಗದಿರಲೆಂದು ಬೇರೆ ಕೋಣೆ. ಪ್ರಾಂಶುಪಾಲ ಗಿಲ್ಮನ್ ಅವರೇ ಬೆರಳಕ್ಷರ ಕಲಿತು ಪ್ರಶ್ನೆಗಳನ್ನು ಕೈಗೆ ಓದಿ ಹೇಳಿದರು. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಯಿತು. ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ವಿಶೇಷ ಶ್ರೇಣಿ. ಆದರೆ ಮುಂದಿನ ವರ್ಷ ಅದೇ ಗಿಲ್ಮನ್, ಹುಡುಗಿಗೆ ಓದಿನ ಭಾರ ಹೆಚ್ಚಾಗಿದೆ, ವೇಗ ಕಡಿಮೆ ಮಾಡಬೇಕು ಎಂದರು. ಭಿನ್ನಾಭಿಪ್ರಾಯ ಬೆಳೆದು ತಾಯಿ ಶಾಲೆ ಬಿಡಿಸಿದರು. ಮುಂದಿನ ಪಾಠ ಖಾಸಗಿ ಶಿಕ್ಷಕ ಕೀತ್ ಅವರಿಂದ.

ಗಣಿತದ ಪ್ರಶಿಕ್ಷಣಾರ್ಥಿಗಳು 1899ರ ಅಂತಿಮ ಪರೀಕ್ಷೆಯ ಕಡೆ ಗಮನ ಕೊಡಬೇಕು. ಈ ಸಲ ಸಲಿವನ್ ಪ್ರಶ್ನೆಪತ್ರಿಕೆ ಓದಿ ಹೇಳಲು ಅಧಿಕಾರಿಗಳು ಒಪ್ಪಲಿಲ್ಲ. ಬದಲಿಗೆ ಪರ್ಕಿನ್ಸ್ ಅಂಧರ ಸಂಸ್ಥೆಯ ವೈನಿಂಗ್ ಎಂಬ ಶಿಕ್ಷಕರು ಪ್ರಶ್ನೆಗಳನ್ನು ಬ್ರೈಲ್‌ಗೆ ಇಳಿಸಿ ಕೊಡುವುದು ಎಂದಾಯಿತು. ಭಾಷಾ ಪತ್ರಿಕೆಗಳಿಗೆ ಇದು ಸಾಕಿತ್ತು. ಆದರೆ ಆ ಕಾಲದಲ್ಲಿ ಅಲ್ಲಿ ಮೂರು ಬಗೆಯ ಚುಕ್ಕಿಲಿಪಿಗಳಿದ್ದವು. ಮೂರರಲ್ಲೂ ಗಣಿತದ ಚಿಹ್ನೆಗಳು ಬೇರೆ ಬೇರೆ. ಹೆಲೆನ್ ಬೀಜಗಣಿತ ಕಲಿತದ್ದು ಇಂಗ್ಲಿಷ್ ಬ್ರೈಲ್‌ನಲ್ಲಿ. ಪರೀಕ್ಷೆಗೆ ಎರಡು ದಿನವಿರುವಾಗ ಮಾದರಿಗೆಂದು ಬಂದ ಹಳೆಯ ಪ್ರಶ್ನೆಪತ್ರಿಕೆ ಇದ್ದದ್ದು ಅಮೆರಿಕನ್ ಬ್ರೈಲ್‌ನಲ್ಲಿ. ಹೆಲೆನ್ ಕೂಡಲೇ ವೈನಿಂಗ್ ಅವರಿಗೆ ಪತ್ರ ಬರೆದು ಚಿಹ್ನೆಗಳ ವಿವರಣೆ ಕೇಳಿದರು. ಪಟ್ಟಿ ಬಂತು. ಆದರೂ ಹಿಂದಿನ ರಾತ್ರಿಯವರೆಗೂ ಆವರಣ ಚಿಹ್ನೆಗಳೂ ಮೂಲದ ಚಿಹ್ನೆಯೂ ಒಟ್ಟಿಗೆ ಬಂದಲ್ಲಿ ಗೊಂದಲವೇ. ಪರೀಕ್ಷೆಯ ದಿನ ಸ್ವಲ್ಪ ಮುಂಚಿತವಾಗಿ ಹೋಗಿ, ವೈನಿಂಗ್ ಅವರಿಂದಲೇ ಇನ್ನಷ್ಟು ವಿವರಿಸಿಕೊಂಡರು. ಬೀಜಗಣಿತ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ಪ್ರಶ್ನೆಪತ್ರಿಕೆಯ ಲಿಪಿ. ಇದರ ಜೊತೆಗೆ, ಶಿಷ್ಯೆ ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸಬಲ್ಲಳೆಂದು ನಂಬಿದ್ದ ಕೀತ್, ಉತ್ತರ ಬರೆಯುವ ಅಭ್ಯಾಸ ಮಾಡಿಸಿರಲಿಲ್ಲ. ಹಾಗಾಗಿ ಕೆಲಸ ಬಹಳ ನಿಧಾನವಾಯಿತು. ಇಷ್ಟಾದರೂ ತೇರ್ಗಡೆಯಾದರು.

ಅರ್ಹತೆ ಕೈಯಲ್ಲಿದ್ದರೂ ಕಾಲೇಜಿನ ಬಾಗಿಲು ತಾನಾಗಿ ತೆರೆಯಲಿಲ್ಲ. ಹಾರ್ವರ್ಡ್‌ಗೆ ಸೇರಿದ ಮಹಿಳಾ ಕಾಲೇಜಾದ ರ‍್ಯಾಡ್‌ಕ್ಲಿಫ್‌ನ ಡೀನ್, ಪೂರ್ಣ ಪದವಿಯ ಬದಲು ವಿಶೇಷ ಕೋರ್ಸ್ ಸಾಕೆಂದು ಸಲಹೆ ಮಾಡಿದ್ದರು. ಒಂದು ವರ್ಷ ಹೀಗೆ ಕಳೆಯಿತು. 1900ರ ಮೇ 5ರಂದು ಹೆಲೆನ್ ಕಾಲೇಜಿನ ಶೈಕ್ಷಣಿಕ ಮಂಡಳಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಅದರಲ್ಲಿ ಅಳಲು ಕಡಿಮೆ, ವಿವರ ಹೆಚ್ಚು. ತರಗತಿಯಲ್ಲಿ ಪಕ್ಕದಲ್ಲಿ ಸಲಿವನ್ ಅಥವಾ ಬೇರೊಬ್ಬರು ಇರಬೇಕಾಗುತ್ತದೆ. ಬರವಣಿಗೆಯೆಲ್ಲ ಬೆರಳಚ್ಚು ಯಂತ್ರದಲ್ಲಿ. ತಮ್ಮ ಮಾತು ಪ್ರಾಧ್ಯಾಪಕರಿಗೆ ಅರ್ಥವಾಗದಿದ್ದರೆ ಉತ್ತರವನ್ನು ಬರೆದು ಆಮೇಲೆ ಕೊಡಬಹುದು. ಇಷ್ಟಕ್ಕೆ ಕಾಲೇಜು ಹೊಂದಿಕೊಳ್ಳುವುದು ಸಾಧ್ಯವೇ ಎಂಬ ನೇರ ಪ್ರಶ್ನೆ. ಆ ವರ್ಷದಲ್ಲೇ ಪ್ರವೇಶ ದೊರೆಯಿತು.

ಸ್ವಲೀನತೆ ಇರುವ ವಿದ್ಯಾರ್ಥಿ ಇಂದು ಕಾಲೇಜಿಗೆ ಬರೆಯಬೇಕಾದ ಪತ್ರವೂ ಇದೇ ಬಗೆಯದು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿದೆ. ಆದರೆ ಗದ್ದಲದ ಕೊಠಡಿ, ದಿಢೀರನೆ ಬದಲಾಗುವ ವೇಳಾಪಟ್ಟಿ, ಎರಡರ್ಥದ ಪ್ರಶ್ನೆ ಇವು ಯಾಕೆ ಕಷ್ಟ ಎಂಬುದು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಎಲ್ಲರಿಗೂ ಕಾಣುವ ಕೊರತೆಯಿದ್ದ ಹೆಲೆನ್ ಅವರೇ ಇಷ್ಟು ಬಿಡಿಸಿ ಹೇಳಬೇಕಾಯಿತು ಎಂದರೆ, ಕಾಣದ ಕಷ್ಟದವರ ಪಾಡು ಯೋಚಿಸಬೇಕಾದದ್ದು.

ಕಾಲೇಜಿನೊಳಗಿನ ಬದುಕು ಹೂವಿನ ಹಾದಿಯಾಗಿರಲಿಲ್ಲ. ಉಪನ್ಯಾಸ ನಡೆಯುವಾಗ ಸಲಿವನ್ ಅದನ್ನು ಹೆಲೆನ್‌ರ ಕೈಗೆ ಬೆರಳಕ್ಷರಗಳಲ್ಲಿ ದಾಟಿಸುತ್ತಿದ್ದರು. ಕೈಯೇ ಕಿವಿಯಾದದ್ದರಿಂದ ಟಿಪ್ಪಣಿ ಬರೆಯಲು ಕೈ ಬಿಡುವಿರಲಿಲ್ಲ. ಮನೆಗೆ ಬಂದು ನೆನಪಿನಿಂದ ಬರೆದುಕೊಳ್ಳಬೇಕಿತ್ತು. ಬಳಸುತ್ತಿದ್ದ ಹ್ಯಾಮಂಡ್ ಯಂತ್ರದಲ್ಲಿ ಅಚ್ಚು ಬದಲಿಸಿ ಗ್ರೀಕ್ ಅಕ್ಷರಗಳನ್ನೂ ಗಣಿತದ ಚಿಹ್ನೆಗಳನ್ನೂ ಮೂಡಿಸಬಹುದಾಗಿತ್ತು. ಬ್ರೈಲ್‌ನಲ್ಲಿ ಸಿಗುತ್ತಿದ್ದ ಪಠ್ಯಪುಸ್ತಕಗಳು ಕೆಲವೇ. ಉಳಿದವನ್ನೆಲ್ಲ ಸಲಿವನ್ ಓದಿ ಕೈಗೆ ಹೇಳಬೇಕು, ಅದೂ ಮೊದಲೇ ದುರ್ಬಲವಾಗಿದ್ದ ಕಣ್ಣುಗಳಿಂದ. ಗೆಳತಿಯರು ಹಾಡಿ ನಲಿಯುವ ಹೊತ್ತಿನಲ್ಲಿ ಒಂದೇ ಅಧ್ಯಾಯಕ್ಕೆ ಗಂಟೆಗಟ್ಟಲೆ ಕುಳಿತಿರಬೇಕಾದದ್ದು ಹೆಲೆನ್‌ರನ್ನು ಕೆಲವೊಮ್ಮೆ ರೇಗಿಸುತ್ತಿತ್ತು. ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ದೂರವೇ ಉಳಿದರು. ಅಪವಾದಗಳಿದ್ದವು. ಸಾಹಿತ್ಯದ ನೀಲ್ಸನ್ ಶ್ರಮಪಟ್ಟು ಬೆರಳಕ್ಷರ ಕಲಿತರು. ಪ್ರಬಂಧ ರಚನೆ ಕಲಿಸುತ್ತಿದ್ದ ಕೋಪ್‌ಲ್ಯಾಂಡ್, ಕಂಡವರಂತೆ ಬರೆಯುವುದನ್ನು ಬಿಟ್ಟು ತನ್ನದೇ ಅನುಭವ ಬರೆಯುವಂತೆ ಹುರಿದುಂಬಿಸಿದರು. ಆ ತರಗತಿಯ ಬರಹಗಳೇ ಬೆಳೆದು 1903ರಲ್ಲಿ ಆತ್ಮಕಥೆಯಾಗಿ ಹೊರಬಂದವು. ಅದರ ಲೇಖಕಿ ಇನ್ನೂ ವಿದ್ಯಾರ್ಥಿನಿ.

1904ರಲ್ಲಿ ಹೆಲೆನ್ ಗೌರವ ಶ್ರೇಣಿಯೊಂದಿಗೆ ಪದವಿ ಪಡೆದರು. ಮುಂದೆ ಸಮಾಜವಾದಿ ಪಕ್ಷ, ಮಹಿಳೆಯರ ಮತದಾನದ ಹಕ್ಕು, 1924ರಿಂದ ಅಮೆರಿಕದ ಅಂಧರ ಪ್ರತಿಷ್ಠಾನದ ಕೆಲಸ, 1955ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ ಪ್ರವಾಸ. ತೀರಿಕೊಂಡದ್ದು 1968ರ ಜೂನ್ 1ರಂದು. ನಾಲ್ಕು ವರ್ಷ ಪ್ರತಿ ಉಪನ್ಯಾಸವನ್ನೂ ಜೊತೆಯಲ್ಲಿ ಕುಳಿತು ಕೇಳಿದ್ದ ಸಲಿವನ್ ಅವರಿಗೆ ರ‍್ಯಾಡ್‌ಕ್ಲಿಫ್ ಪದವಿಯನ್ನೇನೂ ಕೊಡಲಿಲ್ಲ.