ಪಂಜೆ ಮಂಗೇಶರಾಯರು: ಮಕ್ಕಳ ಪುಸ್ತಕ ಮತ್ತು ಕನ್ನಡ ಶಾಲೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಪಂಜೆ ಮಂಗೇಶರಾಯರ ಹೆಸರು ಸಾಮಾನ್ಯವಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ: ಸಣ್ಣಕಥೆಯ ಆರಂಭವನ್ನು ಗುರುತಿಸುವಲ್ಲಿ ಮತ್ತು ಶಿಶುಸಾಹಿತ್ಯದ ಪ್ರಸ್ತಾಪದಲ್ಲಿ. ಈ ವಿಂಗಡಣೆಯಿಂದ ಅವರ ಬದುಕಿನ ಮುಖ್ಯ ಎಳೆಯೊಂದು ಮರೆಯಾಗಿದೆ. ಮಕ್ಕಳಿಗಾಗಿ ಬರೆಯುವುದು, ಬರೆದುದನ್ನು ಅಚ್ಚಿಗೆ ತರುವುದು, ಅದನ್ನು ಮಗುವಿಗೆ ಮುಟ್ಟಿಸುವುದು ಈ ಮೂರೂ ಅವರಿಗೆ ಒಂದೇ ಕಾಯಕದ ಭಾಗಗಳಾಗಿದ್ದವು.

1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದ ಪಂಜೆಯವರ ಮನೆಮಾತು ಕೊಂಕಣಿ. ಊರಿನ ಮಾತು ತುಳು. ಕನ್ನಡ ಅವರಿಗೆ ಶಾಲೆಯ ಮೂಲಕ ದಕ್ಕಿದ ಭಾಷೆ. ಹೊಸ ಭಾಷೆಯೊಂದನ್ನು ಕಿವಿಯಿಂದ ಕಲಿಯುವ ಮಗುವಿನ ಸ್ಥಿತಿಯನ್ನು ಅವರು ಬಲ್ಲವರಾಗಿದ್ದರು ಎಂಬುದಕ್ಕೆ ಅವರ ಪದ್ಯಗಳ ಲಯವೇ ಸಾಕ್ಷಿ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ದುಡಿದ ಅವರು ತರಗತಿಯ ಕೊರತೆಗಳನ್ನು ಹತ್ತಿರದಿಂದ ಕಂಡವರು.

‘ಸುವಾಸಿನಿ’ ಪತ್ರಿಕೆಯಲ್ಲಿ ಹರಟೆ, ಕಥೆಗಳನ್ನು ಬರೆದ ಲೇಖಕ ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಮಕ್ಕಳ ಕವಿಯಾದರು. ‘ನಾಗರಹಾವು’, ‘ತೆಂಕಣ ಗಾಳಿಯಾಟ’ ಪದ್ಯಗಳಲ್ಲಿ ನೀತಿಬೋಧೆಗಿಂತ ನಾದ ಮುಂದಿದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆ ಜನಪದದ ಸರಪಳಿ ಪ್ರಶ್ನೆಗಳನ್ನು ಆಧರಿಸಿದರೆ, ‘ಕೋಟಿ ಚೆನ್ನಯ’ ತುಳು ಪಾಡ್ದನದ ವೀರರನ್ನು ಕನ್ನಡ ಗದ್ಯಕ್ಕೆ ತಂದಿತು. ಬ್ರೌನಿಂಗನ ಕಿಂದರಿಗಾರನ ಕಥೆಯನ್ನೂ ಅವರು ಕನ್ನಡದ ಮಕ್ಕಳಿಗೆ ಒಗ್ಗಿಸಿದರು.

ಪುಸ್ತಕಗಳಿಲ್ಲದೆ ಓದಿನ ರುಚಿ ಹುಟ್ಟದೆಂಬುದು 1921ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ‘ಬಾಲ ಸಾಹಿತ್ಯ ಮಂಡಲ’ದ ಹಿಂದಿನ ತಿಳಿವು. ಎಂ.ಎನ್. ಕಾಮತ್ ಮೊದಲಾದ ಸಹಚರರೊಡನೆ ಪಂಜೆಯವರು ಕಟ್ಟಿದ ಈ ಸಂಸ್ಥೆಯು ಮಕ್ಕಳ ಬರವಣಿಗೆಯನ್ನು ಒಬ್ಬಿಬ್ಬರ ಹವ್ಯಾಸದ ಮಟ್ಟದಿಂದ ಸಾಮೂಹಿಕ ಪ್ರಯತ್ನದ ಮಟ್ಟಕ್ಕೆ ಏರಿಸಿತು.

ಹೈದರಾಬಾದ್ ಕರ್ನಾಟಕದ ದೃಷ್ಟಿಯಿಂದ 1934 ಮಹತ್ವದ ವರ್ಷ. ಆ ವರ್ಷ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ರಾಯಚೂರಿನಂತೆಯೇ ಶಹಾಪುರ, ಸುರಪುರ, ಯಾದಗಿರಿಗಳೂ ಆಗ ನಿಜಾಮ ಸಂಸ್ಥಾನದಲ್ಲಿದ್ದವು. ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ಅಲ್ಲಿ ಉರ್ದು ಮಾಧ್ಯಮವಾಗಿತ್ತು. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟ ಮತ್ತು ಶಾಲಾ ವಾಚಿಕೆಗಳು ಪಂಜೆಯವರ ಪದ್ಯಕ್ಕೆ ದಾರಿ ಮಾಡಿಕೊಟ್ಟಿದ್ದವು. ಶಹಾಪುರದ ಕನ್ನಡ ಮಗುವಿಗೆ ಅಂತಹ ದಾರಿ ಕಿರಿದಾಗಿತ್ತು. ಈ ಹಿನ್ನೆಲೆಯಲ್ಲಿ, ಮಕ್ಕಳ ಕವಿಯೊಬ್ಬರು ಆ ನೆಲದ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತದ್ದನ್ನು ಕೇವಲ ಗೌರವವೆಂದು ಭಾವಿಸಲಾಗದು. ಅದು ಕನ್ನಡ ಶಾಲೆಯ ಪ್ರಶ್ನೆಯನ್ನೂ ಒಳಗೊಂಡಿತ್ತೆಂದು ಅರ್ಥೈಸಬೇಕಾಗುತ್ತದೆ.

ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರ್ 25ರಂದು, ಪಂಜೆಯವರು ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ ನಿಧನ ಹೊಂದಿದರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಭಾಗ ಏಕೀಕೃತ ರಾಜ್ಯಕ್ಕೆ ಸೇರಿ ಕನ್ನಡ ಶಾಲೆಯ ದಾರಿ ಅಗಲವಾಯಿತು. ಆ ಬದಲಾವಣೆಯನ್ನು ಕಾಣಲು ಅವರು ಇರಲಿಲ್ಲ. ಶಿಶುಸಾಹಿತ್ಯದ ಚರಿತ್ರೆಯನ್ನು ಕೃತಿಗಳ ಪಟ್ಟಿಗೆ ಸೀಮಿತಗೊಳಿಸದೆ, ಪುಸ್ತಕ ಮಗುವನ್ನು ಮುಟ್ಟಿದ ದಾರಿಗಳ ಚರಿತ್ರೆಯಾಗಿಯೂ ಬರೆಯಬೇಕೆಂಬುದನ್ನು ಪಂಜೆಯವರ ಬದುಕು ಸೂಚಿಸುತ್ತದೆ.