ಕಮಲಾ ಸೊಹೊನಿ: ಆಲೂಗಡ್ಡೆಯ ಉಸಿರಾಟದ ಜಾಡು ಹಿಡಿದ ವಿಜ್ಞಾನಿ

ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ, ಸೈಟೋಕ್ರೋಮ್ ಸಿ ಕಂಡುಹಿಡಿದವರು, ಸಿ.ವಿ. ರಾಮನ್ ಎದುರು ಸತ್ಯಾಗ್ರಹ ಮಾಡಿದವರು. ಕಮಲಾ ಸೊಹೊನಿ ಬಗ್ಗೆ ಇಂಥದ್ದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜವೂ ಇದೆ, ಸ್ವಲ್ಪ ಒಗ್ಗರಣೆಯೂ ಇದೆ. ಫಾರ್ವರ್ಡ್ ಮಾಡುವ ಮೊದಲು ಪೂರ್ತಿ ಓದಿ.

ಮುಚ್ಚಿದ ಬಾಗಿಲು

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ. ತಂದೆ ಮತ್ತು ತಂದೆಯ ಸಹೋದರ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಐಐಎಸ್‌ಸಿಯಲ್ಲಿ, ಓದಿದ ರಸಾಯನಶಾಸ್ತ್ರಜ್ಞರು. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿಎಸ್‌ಸಿ ಮುಗಿಸಿದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.

ಕಮಲಾ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳ ಮೇಲೆ. ಮೊದಲ ವರ್ಷ ಆಕೆ ಪೂರ್ಣ ಪ್ರಮಾಣದ ವಿದ್ಯಾರ್ಥಿನಿಯಲ್ಲ. ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಆಕೆಯಿಂದ ಉಳಿದ ಸಂಶೋಧಕರ ಗಮನ ಕೆಡಬಾರದು. ಈ ಅವಮಾನವನ್ನು ಕಮಲಾ ಕಡೆಯವರೆಗೂ ಮರೆಯಲಿಲ್ಲ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಸಂಶೋಧನೆ ಮಾಡಿ 1936ರಲ್ಲಿ ಎಂಎಸ್‌ಸಿ ಪಡೆದರು. ಆಕೆಯ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಆಲೂಗಡ್ಡೆಯಲ್ಲಿ ಏನಿತ್ತು?

ಮುಂದೆ ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿ ಸಸ್ಯ ವಿಜ್ಞಾನಿ ರಾಬಿನ್ ಹಿಲ್ ಜೊತೆ ಆಲೂಗಡ್ಡೆಯಂಥ ಸಸ್ಯಭಾಗಗಳು ಹೇಗೆ ಉಸಿರಾಡುತ್ತವೆ ಎಂದು ಹುಡುಕಿದರು. ಪ್ರಾಣಿಗಳ ಉಸಿರಾಟದಲ್ಲಿ ಕೆಲಸ ಮಾಡುವ ಸೈಟೋಕ್ರೋಮ್ ವ್ಯವಸ್ಥೆಯೇ ಸಸ್ಯಕೋಶಗಳಲ್ಲೂ ಕೆಲಸ ಮಾಡುತ್ತದೆ ಎಂದು ತೋರಿಸಿದರು. 1939ರಲ್ಲಿ ಅವರಿಗೆ ಪಿಎಚ್‌ಡಿ ಸಿಕ್ಕಿತು. ಪ್ರಬಂಧ ಕೇವಲ 40 ಪುಟದ್ದು.

ಇದು ಅರ್ಥವಾಗಲು ಜೀವಕೋಶದ ಪೊರೆ ಗೊತ್ತಿರಬೇಕು. ಕುಮಟಾದ ಹೆದ್ದಾರಿ ಬದಿಯಲ್ಲಿ ತೂಗುಹಾಕುವ ಸಿಹಿ ಈರುಳ್ಳಿ ತಂದು, ಅದರ ತೆಳು ಸಿಪ್ಪೆಯನ್ನು ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿ. ಇಟ್ಟಿಗೆ ಜೋಡಿಸಿದಂತೆ ಕಾಣುವುದು ಕೋಶಗಳ ಗೋಡೆ. ಗೋಡೆಯ ಒಳಮೈಗೆ ಅಂಟಿಕೊಂಡು ಕೋಶಪೊರೆ ಇರುತ್ತದೆ. ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತ ಪದರ ಅದು. ಕಣಗಳ ತಲೆ ನೀರಿನ ಕಡೆಗೆ, ಬಾಲ ಒಳಕ್ಕೆ. ಆದ್ದರಿಂದ ಉಪ್ಪು, ಸಕ್ಕರೆ ಸಲೀಸಾಗಿ ದಾಟಲಾರವು. ಪೊರೆಯಲ್ಲಿ ಹುದುಗಿದ ಪ್ರೋಟೀನುಗಳು ಗೇಟಿನಂತೆ, ಪಂಪಿನಂತೆ ಕೆಲಸ ಮಾಡಿ ಬೇಕಾದ್ದನ್ನು ಸಾಗಿಸುತ್ತವೆ.

ಕೋಶದೊಳಗಿನ ಮೈಟೋಕಾಂಡ್ರಿಯಕ್ಕೆ ಇಂಥ ಎರಡು ಪೊರೆಗಳಿವೆ. ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಒಳಪೊರೆಯೇ ಆ ಅಣೆಕಟ್ಟು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಪೊರೆಯಲ್ಲಿ ಕೈಯಿಂದ ಕೈಗೆ ದಾಟುವಾಗ ಸಿಗುವ ಶಕ್ತಿಯಿಂದ ಹೈಡ್ರೋಜನ್ ಅಯಾನುಗಳು ಒಂದು ಬದಿಗೆ ಪಂಪ್ ಆಗುತ್ತವೆ. ಅವು ವಾಪಸು ಹರಿಯುವಾಗ ಟರ್ಬೈನ್‌ನಂಥ ಪ್ರೋಟೀನ್ ತಿರುಗಿ ಎಟಿಪಿ ತಯಾರಾಗುತ್ತದೆ. ಈ ಒಳಪೊರೆಗೆ ಅಂಟಿಕೊಂಡು, ಒಂದು ಸಲಕ್ಕೆ ಒಂದು ಎಲೆಕ್ಟ್ರಾನ್ ಹೊತ್ತು ಓಡಾಡುವ ಪುಟ್ಟ ಪ್ರೋಟೀನೇ ಸೈಟೋಕ್ರೋಮ್ ಸಿ. ಸಯನೈಡ್ ಈ ಸಾಲಿನ ಕೊನೆಯ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಹಾಗಾಗಿಯೇ ಅದು ಅಷ್ಟು ಬೇಗ ಕೊಲ್ಲುತ್ತದೆ. ಕಮಲಾ ಕೆಲಸ ಮಾಡುವಾಗ ಈ ಅಣೆಕಟ್ಟಿನ ಲೆಕ್ಕ ಯಾರಿಗೂ ತಿಳಿದಿರಲಿಲ್ಲ. ಅದನ್ನು ಪೀಟರ್ ಮಿಚೆಲ್ ಮಂಡಿಸಿದ್ದು 1961ರಲ್ಲಿ.

ನೀರಾ ಮತ್ತು ಕಲಬೆರಕೆ

ಪದವಿ ಪಡೆದು ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು, ನಂತರ ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿ ದುಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಬೇಳೆಕಾಳು ಮತ್ತು ನೀರಾದ ಪೌಷ್ಟಿಕತೆ ಪರೀಕ್ಷಿಸಿದರು. ಬಡ ಮಕ್ಕಳಿಗೆ, ಗರ್ಭಿಣಿಯರಿಗೆ ಅಗ್ಗದ ಆಹಾರ ಸಿಗಬೇಕೆಂಬುದು ಉದ್ದೇಶ. ನೀರಾ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಗ್ರಾಹಕರ ಸಂಘಟನೆಯೊಂದನ್ನು ಕಟ್ಟುವಲ್ಲಿ ಕೈಜೋಡಿಸಿ, ಕಲಬೆರಕೆ ಬಗ್ಗೆ ಜನರಿಗೆ ತಿಳಿಹೇಳಿದರು. 1998ರಲ್ಲಿ ತೀರಿಕೊಂಡರು.

ಹಾಗಾದರೆ ಮೆಸೇಜ್ ನಿಜವೇ?

ಸೈಟೋಕ್ರೋಮ್ ಕಂಡುಹಿಡಿದವರು: ತಪ್ಪು. ಡೇವಿಡ್ ಕೀಲಿನ್ 1925ರಲ್ಲೇ ಪ್ರಾಣಿ, ಯೀಸ್ಟ್ ಮತ್ತು ಸಸ್ಯಗಳಲ್ಲಿ ಅದನ್ನು ಗುರುತಿಸಿದ್ದರು. ಸಸ್ಯಗಳ ಉಸಿರಾಟದಲ್ಲಿ ಅದರ ಪಾತ್ರ ತೋರಿಸಿದ್ದು ಕಮಲಾ ಅವರ ಕೊಡುಗೆ.

ಮೊದಲ ಮಹಿಳೆ: ಭಾಗಶಃ ನಿಜ. ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್‌ನಿಂದ ಡಿಎಸ್‌ಸಿ ಪಡೆದಿದ್ದರು. ಪಿಎಚ್‌ಡಿ ಎಂಬ ಪದವಿಯ ಲೆಕ್ಕದಲ್ಲಿ ಕಮಲಾ ಅವರನ್ನು ಮೊದಲಿಗರು ಎನ್ನುತ್ತಾರೆ.

ಬಾಗಿಲು ಮುಚ್ಚಿದ್ದು, ಅವರು ಪಟ್ಟು ಬಿಡದೆ ತೆರೆಸಿದ್ದು: ನಿಜ.

ಇನ್ನೊಂದು ಮಾತು. ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅವು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಅಡುಗೆಮನೆಯ ಬುಟ್ಟಿಯಲ್ಲಿರುವ ಆಲೂಗಡ್ಡೆ ಕೂಡ ಈಗ ಉಸಿರಾಡುತ್ತಿದೆ. ಮುಂದಿನ ಸಲ ಆ ಮೆಸೇಜ್ ಬಂದರೆ ತಿದ್ದಿ ಕಳಿಸಿ. ಸಾಧನೆ ದೊಡ್ಡದೇ ಇದೆ, ಅದಕ್ಕೆ ಸುಳ್ಳು ಸೇರಿಸಬೇಕಾಗಿಲ್ಲ.