ಕೊಡಗಿನ ರಾಜಕುಮಾರಿ ಗೌರಮ್ಮ

ನಮ್ಮ ಕುಶಾಲನಗರವು ಹಿಂದೆ ಫ್ರೇಜರ್‌ಪೇಟೆಯೆಂದು ಕರೆಯಲ್ಪಡುತ್ತಿದ್ದಿತು. 1834ರಲ್ಲಿ ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು ಪದಚ್ಯುತನಾದಾಗ ಸೀಮೆಯನ್ನು ಕಂಪೆನಿಯ ಪರವಾಗಿ ವಹಿಸಿಕೊಂಡ ಕರ್ನಲ್ ಫ್ರೇಜರನ ಹೆಸರು ಅದು. ಆ ಅರಸನ ಮಗಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮನಸ್ಸಿಟ್ಟು ಓದಬೇಕೆಂದು ಬಯಸುತ್ತೇವೆ.

ಗೌರಮ್ಮನು 1841ರಲ್ಲಿ, ಗಡೀಪಾರಾಗಿದ್ದ ತಂದೆಯು ವಾಸಿಸುತ್ತಿದ್ದ ಕಾಶಿಯಲ್ಲಿ ಹುಟ್ಟಿದಳು. ಪೂರ್ವಿಕರ ಬೆಟ್ಟಗಳನ್ನಾಗಲಿ ಕಾವೇರಿಯನ್ನಾಗಲಿ ಆಕೆಯು ಕಾಣಲೇ ಇಲ್ಲ. 1852ರಲ್ಲಿ ಅರಸನು ಕಂಪೆನಿಯವರಿಂದ ತನಗೆ ಸಲ್ಲಬೇಕೆಂದ ಹಣವನ್ನು ಕೇಳುವುದಕ್ಕೆ ಮಗಳೊಡನೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಹನ್ನೊಂದು ವಯಸ್ಸಿನ ಆ ಬಾಲೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯ ರಾಣಿಯವರೇ ಧರ್ಮಮಾತೆಯಾಗಿ ನಿಂತು ತಮ್ಮ ಹೆಸರನ್ನು ಆಕೆಗೆ ಕೊಟ್ಟರು.

ಬಳಿಕ ಆಕೆಯು ಆಂಗ್ಲ ಕುಟುಂಬವೊಂದರ ಪಾಲನೆಗೆ ಒಪ್ಪಿಸಲ್ಪಟ್ಟಳು. ತಂದೆಯ ಭೇಟಿಗೂ ಮಿತಿಯುಂಟಾಯಿತು. ಅರಮನೆಯು ಆಕೆಯನ್ನು ಪ್ರೀತಿಯಿಂದ ಆದರಿಸಿತೆಂಬುದು ನಿಜ. ಆದರೂ ನಡೆನುಡಿಯಲ್ಲಿ ಆಂಗ್ಲಳಾಗಿ ಬೆಳೆಯಬೇಕಾಗಿದ್ದ ಅದೇ ಹುಡುಗಿಯನ್ನು, ವಿಂಟರ್‌ಹಾಲ್ಟರನೆಂಬ ಚಿತ್ರಕಾರನು ಭಾರತೀಯ ಉಡಿಗೆತೊಡಿಗೆಯ ರಾಜಕುಮಾರಿಯಾಗಿ ಚಿತ್ರಿಸಿದನು. ತಾನು ಯಾರೆಂಬ ಪ್ರಶ್ನೆಗೆ ಉತ್ತರವನ್ನು ಇತರರೇ ಬರೆಯುತ್ತಿದ್ದರು.

ರಾಜ್ಯವನ್ನು ಕಳೆದುಕೊಂಡು ಕ್ರೈಸ್ತನಾಗಿದ್ದ ಪಂಜಾಬಿನ ದುಲೀಪ್ ಸಿಂಗನೊಡನೆ ಆಕೆಯ ವಿವಾಹವಾಗಲೆಂದು ರಾಣಿಯವರು ಆಶಿಸಿದರು, ಆತನು ಒಪ್ಪಲಿಲ್ಲ. 1859ರಲ್ಲಿ ತಂದೆಯು ಲಂಡನ್ನಿನಲ್ಲಿ ತೀರಿಹೋದನು. ಮರುವರ್ಷ ಗೌರಮ್ಮನಿಗೆ ಅವಳಿಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲನೊಡನೆ ಮದುವೆಯಾಯಿತು. 1861ರಲ್ಲಿ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ಆಕೆಯು ಮೃತಳಾಗಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಹೂಳಲ್ಪಟ್ಟಳು.

ಮಾಸ್ತಿಯವರು 1956ರಲ್ಲಿ ಪ್ರಕಟವಾದ ಕಾದಂಬರಿಯಿಂದ ತಂದೆಯ ಕಥೆಯನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ಮಗಳ ಬಾಳನ್ನೂ ನಮ್ಮ ಹುಡುಗಿಯರು ಅರಿಯತಕ್ಕದ್ದು. ವಿದ್ಯೆ, ಆಶ್ರಯ, ಧರ್ಮ, ಹೆಸರು, ಇವೆಲ್ಲವೂ ಆಕೆಗೆ ದೊರೆತವು; ಆಕೆಯ ಇಚ್ಛೆಗೆ ಎಷ್ಟು ಸ್ಥಳವಿತ್ತು? ಕ್ರೈಸ್ತ ಶಾಲೆಯವರಾದ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಕರ್ತನು ಬಾಗಿಲಲ್ಲಿ ನಿಂತು ತಟ್ಟುವನಲ್ಲದೆ ಬಾಗಿಲನ್ನು ಮುರಿದು ಒಳಗೆ ಬರುವನಲ್ಲ.

ತಾಯಿತಂದೆಗಳೇ, ಮಗಳ ಮುಂದಿನ ಓದನ್ನೂ ಮದುವೆಯನ್ನೂ ನಿಶ್ಚಯಿಸುವ ಮೊದಲು ಆಕೆಯನ್ನು ಹತ್ತಿರ ಕುಳ್ಳಿರಿಸಿಕೊಂಡು ಕೇಳಿರಿ. ಹೇಳುವ ಧೈರ್ಯವನ್ನು ಆಕೆಗೆ ಕಲಿಸುವುದು ನಮ್ಮ ಪಾಲಿನ ಕೆಲಸ.